ಮಗುವಿನ ಮೂತ್ರಪಿಂಡದ ಗಡ್ಡೆ: ಮತ್ತೆ ಬಂದರೂ ಬದುಕಿದೆ

ಈ ಕಾಯಿಲೆ ಮೊದಲು ಸಿಗುವುದು ಹೆಚ್ಚಾಗಿ ತಾಯಿಯ ಕೈಗೆ, ಇಲ್ಲವೇ ಅಜ್ಜಿಯ ಕೈಗೆ. ಎರಡು–ಮೂರು ವರ್ಷದ ಮಗುವಿಗೆ ಮೈತುಂಬ ಎಣ್ಣೆ ತಿಕ್ಕಿ ನೀರು ಹಾಕುವಾಗ ಪಕ್ಕೆಲುಬಿನ ಕೆಳಗೆ, ಒಂದೇ ಬದಿಯಲ್ಲಿ, ಏನೋ ಗಟ್ಟಿಯಾಗಿ ತಾಗುತ್ತದೆ. ಮುಟ್ಟಿದರೆ ಮಗು ಅಳುವುದಿಲ್ಲ. ಆಡಿಕೊಂಡಿದೆ, ಉಣ್ಣುತ್ತಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಚಡ್ಡಿ ಸೊಂಟಕ್ಕೆ ಬಿಗಿಯಾಗಿದೆ, ಅಷ್ಟೆ. ಜಂತುಹುಳುವಿನ ಔಷಧಿ ಕುಡಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಒಂದೆರಡು ವಾರ ನೋಡುತ್ತಾರೆ. ಆಮೇಲೆ ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಡಾಕ್ಟರಿಗೆ ತೋರಿಸಿ, ತುಮಕೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರಪಿಂಡದಲ್ಲಿ ದೊಡ್ಡ ಗಡ್ಡೆ ಇರುವುದು ಗೊತ್ತಾಗುತ್ತದೆ. ಕೆಲವು ಮಕ್ಕಳಿಗೆ ಮೂತ್ರದಲ್ಲಿ ರಕ್ತ ಬರುತ್ತದೆ, ಕೆಲವರಿಗೆ ಬಿಪಿ ಏರಿರುತ್ತದೆ. ಬಹಳಷ್ಟು ಮಕ್ಕಳಿಗೆ ಇವೆರಡೂ ಇರುವುದಿಲ್ಲ.

ಇದರ ಹೆಸರು ವಿಲ್ಮ್ಸ್ ಗಡ್ಡೆ. 1899ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನ್ ಶಸ್ತ್ರಚಿಕಿತ್ಸಕ ಮ್ಯಾಕ್ಸ್ ವಿಲ್ಮ್ಸ್ ಅವರಿಂದ ಬಂದ ಹೆಸರು. ಮಕ್ಕಳ ಮೂತ್ರಪಿಂಡದಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಇದೇ ಜಾತಿಯವು. ಹಾಗಿದ್ದರೂ ಕಾಯಿಲೆ ಅಪರೂಪದ್ದು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 10 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಏಷ್ಯಾದ ದೇಶಗಳಲ್ಲಿ ಇನ್ನೂ ಕಡಿಮೆ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26 ಲಕ್ಷ 78 ಸಾವಿರ. ಇಷ್ಟು ದೊಡ್ಡ ಜಿಲ್ಲೆಯಲ್ಲೂ ವರ್ಷಕ್ಕೆ ಬೆರಳೆಣಿಕೆಯ ಮಕ್ಕಳಿಗಷ್ಟೇ ಇದು ಬಂದೀತು. ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ಇಡೀ ಸೇವಾವಧಿಯಲ್ಲಿ ಒಂದೋ ಎರಡೋ ಮಗುವನ್ನು ನೋಡಬಹುದು. ಊರಿನಲ್ಲಿ ಇದೇ ಕಾಯಿಲೆಯಿಂದ ಗುಣವಾದ ಇನ್ನೊಂದು ಮಗು ಇರುವುದಿಲ್ಲ. ‘ನಮ್ಮ ಹುಡುಗನಿಗೂ ಹೀಗೇ ಆಗಿತ್ತು, ಈಗ ಕಾಲೇಜಿಗೆ ಹೋಗ್ತಾನೆ’ ಎಂದು ಹೇಳುವ ನೆರೆಯವರು ಸಿಗುವುದಿಲ್ಲ. ಈ ಕುಟುಂಬಗಳನ್ನು ಕಾಯಿಲೆಯಷ್ಟೇ ಈ ಒಂಟಿತನವೂ ಕುಗ್ಗಿಸುತ್ತದೆ.

ಧೈರ್ಯ ಹೇಳಬೇಕಾದ ಸಂಗತಿಯೆಂದರೆ, ಮಕ್ಕಳ ಕ್ಯಾನ್ಸರ್‌ಗಳಲ್ಲಿ ವೈದ್ಯಶಾಸ್ತ್ರ ಬಹಳ ಚೆನ್ನಾಗಿ ಗೆದ್ದಿರುವ ಕಾಯಿಲೆಗಳಲ್ಲಿ ಇದೂ ಒಂದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಗಡ್ಡೆ ಬಂದ ಹತ್ತು ಮಕ್ಕಳಲ್ಲಿ ಒಂದು ಉಳಿದರೆ ಹೆಚ್ಚು. ಮೊದಲು ಶಸ್ತ್ರಚಿಕಿತ್ಸೆ ಸುಧಾರಿಸಿತು, ಬಳಿಕ ರೇಡಿಯೇಷನ್ ಬಂತು. 1950ರ ದಶಕದಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್ ಮತ್ತು ಸಂಗಡಿಗರು ಆಕ್ಟಿನೊಮೈಸಿನ್ ಎಂಬ ಔಷಧವನ್ನು ಜೊತೆಗೆ ಸೇರಿಸಿದರು. ಮಣ್ಣಿನ ಸೂಕ್ಷ್ಮಜೀವಿಯಿಂದ 1940ರಲ್ಲಿ ಬೇರ್ಪಡಿಸಿದ ಔಷಧ ಅದು. 1960ರ ದಶಕದಲ್ಲಿ ವಿನ್‌ಕ್ರಿಸ್ಟಿನ್ ಸೇರಿತು. ಅದರ ಮೂಲ ನಮ್ಮ ಹಿತ್ತಿಲು, ದೇವಸ್ಥಾನದ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ಕಾಶಿಕಣಗಿಲೆ ಗಿಡ. (ಗಿಡವನ್ನೇ ಅರೆದು ಕುಡಿಸಿದರೆ ಔಷಧವಾಗುವುದಿಲ್ಲ, ವಿಷವಾಗುತ್ತದೆ. ಇದನ್ನು ಒತ್ತಿ ಹೇಳಬೇಕು.) 1969ರಲ್ಲಿ ಅಮೆರಿಕದಲ್ಲಿ, 1971ರಲ್ಲಿ ಯುರೋಪಿನಲ್ಲಿ ದೊಡ್ಡ ಅಧ್ಯಯನಗಳು ಶುರುವಾದವು. ಹತ್ತಾರು ಆಸ್ಪತ್ರೆಗಳು ಒಂದೇ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟು, ಯಾವ ಮಗುವಿಗೆ ಎಷ್ಟು ಔಷಧ ಸಾಕು, ಯಾರಿಗೆ ರೇಡಿಯೇಷನ್ ಬೇಡ ಎಂಬುದನ್ನು ವರ್ಷಗಟ್ಟಲೆ ಲೆಕ್ಕ ಹಾಕಿದವು. ಈಗ ಶ್ರೀಮಂತ ದೇಶಗಳಲ್ಲಿ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳು ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರ್ ಕುರಿತ ಜಾಗತಿಕ ಕಾರ್ಯಕ್ರಮ ಆರಂಭಿಸಿ, ಎಲ್ಲ ದೇಶಗಳೂ ಮೊದಲು ಗಮನ ಕೊಡಬೇಕೆಂದು ಆರಿಸಿದ ಆರು ಕ್ಯಾನ್ಸರ್‌ಗಳಲ್ಲಿ ವಿಲ್ಮ್ಸ್ ಗಡ್ಡೆಯೂ ಸೇರಿದೆ. ಗುಣವಾಗುವ ಕಾಯಿಲೆಯಿಂದ ಮಗು ಸಾಯಬಾರದು ಎಂಬುದೇ ಅದಕ್ಕೆ ಕಾರಣ.

ತುಮಕೂರು ಸೀಮೆಯ ಮಕ್ಕಳ ದಾರಿ ಸಾಮಾನ್ಯವಾಗಿ ಬೆಂಗಳೂರಿಗೆ. 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರು ಹಳ್ಳಿಯವರಿಗೂ ಗೊತ್ತು. ಜನರ ಬಾಯಲ್ಲಿ ಅದು ಬರೀ ‘ಕಿದ್ವಾಯಿ’. ನಮ್ಮ ದೇಶದಲ್ಲಿ ಗಡ್ಡೆ ಬಹಳ ದೊಡ್ಡದಾದ ಮೇಲೆ ಮಕ್ಕಳು ಬರುವುದರಿಂದ, ಬಹಳಷ್ಟು ಕಡೆ ಮೊದಲು ಕೆಲವು ವಾರ ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುತ್ತಾರೆ. ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ಆ ಬದಿಯ ಮೂತ್ರಪಿಂಡವನ್ನೂ ತೆಗೆಯುತ್ತಾರೆ. ಆಮೇಲೆ ಮತ್ತೆ ಕೀಮೋ. ಕೆಲವರಿಗೆ ಹಳ್ಳಿಯವರು ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್. ಎಲ್ಲ ಮುಗಿಯುವ ಹೊತ್ತಿಗೆ ಆರು ತಿಂಗಳೋ ಎಂಟು ತಿಂಗಳೋ ಆಗಿರುತ್ತದೆ. ಉದುರಿದ ಕೂದಲು ಮತ್ತೆ ಚಿಗುರುತ್ತದೆ. ಮಗು ಅಂಗನವಾಡಿಗೆ ಹೊರಡುತ್ತದೆ.

ನಾನು ಈ ಲೇಖನ ಬರೆಯುತ್ತಿರುವುದು ಇಲ್ಲಿಂದ ಮುಂದಿನ ದಿನಗಳಿಗಾಗಿ.

ಚಿಕಿತ್ಸೆ ಮುಗಿಸಿದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಗಡ್ಡೆ ಮತ್ತೆ ಬರುತ್ತದೆ. ರಾಗಿ ಹೊಲದಲ್ಲಿ ಗರಿಕೆ ಕಿತ್ತ ಮೇಲೂ ಮಣ್ಣಿನೊಳಗೆ ಬೇರಿನ ತುಂಡು ಉಳಿದರೆ ಮಳೆ ಬಿದ್ದೊಡನೆ ತಲೆ ಎತ್ತುತ್ತದಲ್ಲ, ಹಾಗೆ. ಆಪರೇಷನ್‌ಗೆ ಮೊದಲೇ ರಕ್ತದಲ್ಲಿ ಹೊರಟು ಶ್ವಾಸಕೋಶದಲ್ಲಿ ಕೂತ, ಯಾವ ಸ್ಕ್ಯಾನ್‌ಗೂ ಕಾಣದಷ್ಟು ಸಣ್ಣ ಜೀವಕೋಶಗಳು ಕೀಮೋದಿಂದಲೂ ತಪ್ಪಿಸಿಕೊಂಡಿರುತ್ತವೆ. ಅದಕ್ಕೇ ಮರುಕಳಿಸುವ ಗಡ್ಡೆ ಅತಿ ಹೆಚ್ಚು ಕಾಣುವುದು ಶ್ವಾಸಕೋಶದಲ್ಲಿ. ಆಮೇಲೆ ಹೊಟ್ಟೆಯಲ್ಲಿ, ಮೂತ್ರಪಿಂಡ ತೆಗೆದ ಜಾಗದಲ್ಲಿ, ಕೆಲವೊಮ್ಮೆ ಯಕೃತ್ತಿನಲ್ಲಿ. ಬರುವುದಾದರೆ ಬಹುಪಾಲು ಮೊದಲ ಎರಡು ವರ್ಷದೊಳಗೇ ಬರುತ್ತದೆ. ಐದು ವರ್ಷ ದಾಟಿದ ಮೇಲೆ ಮತ್ತೆ ಬರುವುದು ತೀರಾ ಅಪರೂಪ.

ಯಾವ ಮಗುವಿಗೆ ಅಪಾಯ ಹೆಚ್ಚು ಎಂಬುದು ಮನೆಯಲ್ಲಿರುವ ಫೈಲ್‌ನಲ್ಲೇ ಬರೆದಿರುತ್ತದೆ. ಆಪರೇಷನ್ ಆದ ಮೇಲೆ ಗಡ್ಡೆಯನ್ನು ಪರೀಕ್ಷಿಸಿ ಕೊಟ್ಟ ರಿಪೋರ್ಟ್ ತೆರೆಯಿರಿ. ಗಡ್ಡೆಯ ಅಳತೆ, ತೂಕ, ಅದರಲ್ಲಿ ಎಷ್ಟು ಪಾಲು ಕೀಮೋದಿಂದ ಸತ್ತಿತ್ತು, ಗಡ್ಡೆಯ ಹೊದಿಕೆ ಒಡೆದಿತ್ತೇ, ಅಂಚುಗಳಲ್ಲಿ ಏನಾದರೂ ಉಳಿದಿತ್ತೇ, ಪಕ್ಕದ ಗ್ರಂಥಿಗಳಿಗೆ ಹರಡಿತ್ತೇ ಎಂದು ಸಾಲಾಗಿ ಇರುತ್ತದೆ. ಇವುಗಳ ಮೇಲೆ ‘ಸ್ಟೇಜ್’ ನಿರ್ಧಾರವಾಗುತ್ತದೆ. ಅದೇ ಹಾಳೆಯಲ್ಲಿ ‘ಅನಾಪ್ಲೇಸಿಯಾ’ ಇದೆಯೋ ಇಲ್ಲವೋ ಎಂದೂ ಬರೆದಿರುತ್ತಾರೆ. ಜೀವಕೋಶಗಳ ಬೀಜಕೇಂದ್ರಗಳು ವಿಕಾರವಾಗಿ ಹಿಗ್ಗಿದ್ದರೆ ಹಾಗೆನ್ನುತ್ತಾರೆ. ಅದು ಇಲ್ಲದಿದ್ದರೆ ಸಾಮಾನ್ಯ ಕೀಮೋಗೆ ಗಡ್ಡೆ ಚೆನ್ನಾಗಿ ಬಗ್ಗುತ್ತದೆ. ಗಡ್ಡೆಯ ತುಂಬ ಅದು ಹರಡಿದ್ದರೆ ಮತ್ತೆ ಬರುವ ಸಾಧ್ಯತೆ ಬಹಳ ಹೆಚ್ಚು, ಚಿಕಿತ್ಸೆಯೂ ಕಠಿಣ. ತಂದೆತಾಯಿ ಈ ಎರಡು ಸಂಗತಿಗಳನ್ನು, ಅಂದರೆ ಸ್ಟೇಜ್ ಎಷ್ಟು, ಅನಾಪ್ಲೇಸಿಯಾ ಇತ್ತೇ ಎಂಬುದನ್ನು, ಕೇಳಿ ಬರೆದಿಟ್ಟುಕೊಳ್ಳಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಅದು ನಿಮ್ಮ ಮಗುವಿನ ವಿಷಯ.

ಮತ್ತೆ ಬಂದ ಗಡ್ಡೆಯನ್ನು ಬೇಗ ಹಿಡಿಯಲು ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. ಎದೆಯ ಎಕ್ಸ್‌ರೇ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸಾಮಾನ್ಯವಾಗಿ ಸಾಕು. ಮೊದಲ ಎರಡು ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ ಐದು ವರ್ಷದವರೆಗೆ. ಮಗುವಿನ ಅಪಾಯ ನೋಡಿ ವೈದ್ಯರು ಇದನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಯುರೋಪಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮರುಕಳಿಸಿದ ಗಡ್ಡೆಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸಿಕ್ಕಿದ್ದು ಹೀಗೆ ನಿಗದಿತ ದಿನ ಮಾಡಿಸಿದ ಪರೀಕ್ಷೆಗಳಲ್ಲಿ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಮ್ಮಿರಲಿಲ್ಲ, ನೋವಿರಲಿಲ್ಲ, ಜ್ವರವೂ ಇರಲಿಲ್ಲ.

‘ಮಗು ಚೆನ್ನಾಗಿದೆಯಲ್ಲ, ಇನ್ಯಾಕೆ ಹೋಗಬೇಕು?’ ಎಂಬ ಮಾತಿಗೆ ಉತ್ತರ ಅಲ್ಲಿದೆ. ಆ ಮಾತು ಆಡುವವರನ್ನು ನಾನು ದೂರುವುದಿಲ್ಲ. ಗುಬ್ಬಿಯಿಂದ ಬೆಂಗಳೂರು ಸುಮಾರು 90 ಕಿಲೋಮೀಟರ್, ಕುಣಿಗಲ್‌ನಿಂದ ಸುಮಾರು 70. ಬೆಳಗಿನ ಜಾವದ ಬಸ್ಸೋ ರೈಲೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಸಿಟಿ ಬಸ್ ಹತ್ತಿ, ಚೀಟಿ ಮಾಡಿಸಿ, ರಕ್ತ ಕೊಟ್ಟು, ಸ್ಕ್ಯಾನಿಂಗ್ ಸರದಿಯಲ್ಲಿ ಕೂತು, ಡಾಕ್ಟರನ್ನು ಕಾಣುವಷ್ಟರಲ್ಲಿ ಸಂಜೆ. ಒಂದೊಂದು ಸಲ ಮರುದಿನ. ಕೂಲಿ ಹೋಯಿತು. ಮನೆಯಲ್ಲಿ ಇನ್ನೊಂದು ಮಗು, ಕೊಟ್ಟಿಗೆಯಲ್ಲಿ ಹಸು, ಸುಗ್ಗಿಯಾದರೆ ರಾಗಿ ಕೊಯ್ಲು. ಚಿಕಿತ್ಸೆ ನಡೆಯುವಾಗ ಕೈ ಹಿಡಿದ ನೆಂಟರು ಅದು ಮುಗಿದ ಮೇಲೆ ಬರುವುದಿಲ್ಲ. ಹೀಗೆ ಒಂದು ತಪಾಸಣೆ ತಪ್ಪುತ್ತದೆ. ಎರಡನೆಯದಕ್ಕೆ ಹೋಗಲು, ಡಾಕ್ಟರು ಬೈದಾರು ಎಂಬ ಅಳುಕು. ಮೂರನೆಯದು ನೆನಪಿನಲ್ಲೇ ಇರುವುದಿಲ್ಲ. ಒಂದು ದಿನ ಮಗು ಕೆಮ್ಮಲು ಶುರುಮಾಡಿ, ಕೆಮ್ಮಿನ ಸಿರಪ್ಪಿಗೆ ಬಗ್ಗದೆ, ಎಕ್ಸ್‌ರೇ ತೆಗೆಸಿದಾಗ ಎರಡೂ ಶ್ವಾಸಕೋಶದಲ್ಲಿ ಗುಂಡು ಗುಂಡಾದ ನೆರಳುಗಳು ಕಾಣುತ್ತವೆ.

ಎಕ್ಸ್‌ರೇ, ಅಲ್ಟ್ರಾಸೌಂಡ್ ಎರಡನ್ನೂ ತುಮಕೂರಿನಲ್ಲೇ ಮಾಡಿಸಬಹುದು. ಜಿಲ್ಲಾಸ್ಪತ್ರೆ ಇದೆ, ಸಿದ್ಧಾರ್ಥ ಮತ್ತು ಸಿದ್ಧಗಂಗಾ ಹೆಸರಿನ ವೈದ್ಯಕೀಯ ಕಾಲೇಜುಗಳಿವೆ, ಪಟ್ಟಣದ ತುಂಬ ಸ್ಕ್ಯಾನಿಂಗ್ ಕೇಂದ್ರಗಳಿವೆ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಕೆಲವು ತಪಾಸಣೆಗಳನ್ನು ಊರ ಹತ್ತಿರವೇ ಮಾಡಿಸಿ, ಫಿಲ್ಮ್ ಮತ್ತು ರಿಪೋರ್ಟ್ ಅವರಿಗೆ ತಲುಪಿಸುವ ಏರ್ಪಾಡು ಮಾಡಿಕೊಳ್ಳಬಹುದು. ಸ್ಕ್ಯಾನ್ ಮಾಡುವವರಿಗೆ ಹಳೆಯ ರಿಪೋರ್ಟ್ ತೋರಿಸಿ, ‘ವಿಲ್ಮ್ಸ್ ಗಡ್ಡೆಗೆ ಆಪರೇಷನ್ ಆಗಿದೆ, ತೆಗೆದ ಜಾಗ, ಯಕೃತ್ತು, ಉಳಿದ ಮೂತ್ರಪಿಂಡ ಮೂರನ್ನೂ ನೋಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಈ ಏರ್ಪಾಡನ್ನು ಪ್ರತಿಯೊಂದು ಕುಟುಂಬವೂ ತಾನೇ ಓಡಾಡಿ ಹೊಂದಿಸಿಕೊಳ್ಳಬೇಕಾಗಿರುವುದು ಸರಿಯಲ್ಲ. ರಾಜಧಾನಿಯ ಕ್ಯಾನ್ಸರ್ ಆಸ್ಪತ್ರೆಗಳೂ ಜಿಲ್ಲಾಸ್ಪತ್ರೆಗಳೂ ಕೈಜೋಡಿಸಿ, ಚಿಕಿತ್ಸೆ ಮುಗಿದ ಪ್ರತಿ ಮಗುವಿನ ತಪಾಸಣೆಯ ದಿನಗಳನ್ನು ಜಿಲ್ಲೆಯಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಆಗಬೇಕು. ವರ್ಷಕ್ಕೆ ಬೆರಳೆಣಿಕೆಯ ಮಕ್ಕಳ ಪಟ್ಟಿ ಇಟ್ಟುಕೊಳ್ಳುವುದು ಜಿಲ್ಲೆಗೆ ಭಾರವಾಗುವ ಕೆಲಸವಲ್ಲ.

ಗಡ್ಡೆ ಮತ್ತೆ ಬಂತು ಎಂದಾಗ ಮನೆಯವರು ಕೈಚೆಲ್ಲುವುದು ಸಹಜ. ‘ಮೊದಲನೇ ಸಲವೇ ಇಷ್ಟು ನೋವು ತಿಂದಿದೆ, ಇನ್ನು ಮಗುವನ್ನು ಗೋಳು ಹೊಯ್ಯೋದು ಬೇಡ’ ಎಂದು ಹಿರಿಯರು ಹೇಳುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಅವರಿಗೆ ಈ ಲೆಕ್ಕ ಹೇಳಬೇಕು. ಮೊದಲ ಚಿಕಿತ್ಸೆಯಲ್ಲಿ ಬರೀ ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೊಮೈಸಿನ್ ಪಡೆದಿದ್ದ, ಅನಾಪ್ಲೇಸಿಯಾ ಇಲ್ಲದ ಮಕ್ಕಳಲ್ಲಿ, ಗಡ್ಡೆ ಮತ್ತೆ ಬಂದ ಮೇಲೂ ನೂರಕ್ಕೆ 70ರಿಂದ 80 ಮಕ್ಕಳು ಉಳಿಯುತ್ತಾರೆ. ಮೊದಲೇ ಮೂರ್ನಾಲ್ಕು ಔಷಧ ಪಡೆದಿದ್ದವರಲ್ಲಿ ಸುಮಾರು ಅರ್ಧದಷ್ಟು. ಅನಾಪ್ಲೇಸಿಯಾ ಇರುವ ಗಡ್ಡೆ ಮರುಕಳಿಸಿದರೆ ಮಾತ್ರ ದಾರಿ ಬಹಳ ಕಿರಿದು. ಇವು ಒಳ್ಳೆಯ ಸೌಲಭ್ಯವಿರುವ ಕೇಂದ್ರಗಳ ಅಂಕಿಗಳು, ನಿಜ. ಆದರೆ ‘ಮತ್ತೆ ಬಂದರೆ ಮುಗಿಯಿತು’ ಎಂಬ ಮಾತು ಸುಳ್ಳು ಎಂದು ತೋರಿಸಲು ಇಷ್ಟು ಸಾಕು. ಎರಡನೇ ಸುತ್ತಿನಲ್ಲಿ ಮೊದಲು ಬಳಸದ ಔಷಧಗಳನ್ನು ಕೊಡುತ್ತಾರೆ: ಡಾಕ್ಸೊರೂಬಿಸಿನ್, ಸೈಕ್ಲೊಫಾಸ್ಫಮೈಡ್, ಇಫಾಸ್ಫಮೈಡ್, ಕಾರ್ಬೊಪ್ಲಾಟಿನ್, ಎಟೊಪೊಸೈಡ್. ಸಾಧ್ಯವಿದ್ದರೆ ಮತ್ತೆ ಆಪರೇಷನ್, ರೇಡಿಯೇಷನ್. ಕೆಲವರಿಗೆ ಮಗುವಿನದೇ ಕಾಂಡಕೋಶಗಳನ್ನು ಮೊದಲೇ ತೆಗೆದಿಟ್ಟು, ಹೆಚ್ಚು ಪ್ರಮಾಣದ ಕೀಮೋ ಕೊಟ್ಟು, ಅವನ್ನು ಮರಳಿ ಸೇರಿಸುವ ಚಿಕಿತ್ಸೆ. ಮೊದಲ ಗಡ್ಡೆಯಾಗಿ ಎಷ್ಟು ದಿನದ ಮೇಲೆ ಬಂತು ಎಂಬುದೂ ಮುಖ್ಯ. ತಡವಾಗಿ ಬಂದಷ್ಟೂ, ಸಣ್ಣದಿರುವಾಗ ಸಿಕ್ಕಷ್ಟೂ ಗುಣವಾಗುವ ಅವಕಾಶ ಹೆಚ್ಚು.

ಮಕ್ಕಳ ಮೂತ್ರಪಿಂಡದಲ್ಲಿ ಇನ್ನೂ ಅಪರೂಪದ ಬೇರೆ ಕ್ಯಾನ್ಸರ್‌ಗಳಿವೆ. ಹಿಂದೆ ಅವನ್ನೂ ವಿಲ್ಮ್ಸ್ ಗಡ್ಡೆಯೆಂದೇ ಎಣಿಸುತ್ತಿದ್ದರು. 1978ರಲ್ಲಿ ಬೆಕ್‌ವಿತ್ ಮತ್ತು ಪಾಮರ್ ಎಂಬ ರೋಗಶಾಸ್ತ್ರಜ್ಞರು ಅಮೆರಿಕದ ಅಧ್ಯಯನದ ಗಡ್ಡೆಗಳನ್ನು ಮತ್ತೆ ಪರಿಶೀಲಿಸಿ, ಕ್ಲಿಯರ್ ಸೆಲ್ ಸಾರ್ಕೋಮಾ ಮತ್ತು ರಾಬ್ಡಾಯ್ಡ್ ಗಡ್ಡೆಗಳ ಸ್ವಭಾವ ಬೇರೆಯೇ ಎಂದು ತೋರಿಸಿದರು. ಕ್ಲಿಯರ್ ಸೆಲ್ ಸಾರ್ಕೋಮಾ ಮೂಳೆಗೂ ಮಿದುಳಿಗೂ ಹೋಗುತ್ತದೆ. ಮೂರು ವರ್ಷ ದಾಟಿದ ಮೇಲೂ, ಕೆಲವೊಮ್ಮೆ ಇನ್ನೂ ಹಲವು ವರ್ಷ ಕಳೆದ ಮೇಲೂ ಮರುಕಳಿಸಿದ್ದಿದೆ. ಹಾಗಾಗಿ ವಿಲ್ಮ್ಸ್‌ಗೆ ಹೇಳಿದ ಎರಡು ವರ್ಷದ ನೆಮ್ಮದಿ ಇದಕ್ಕೆ ಅನ್ವಯಿಸುವುದಿಲ್ಲ. ಈ ಮಕ್ಕಳಲ್ಲಿ ಬಿಡದ ತಲೆನೋವು, ಬೆಳಗಿನ ವಾಂತಿ, ಮೂಳೆ ನೋವು ಬಂದರೆ ತಡಮಾಡದೆ ಹೇಳಬೇಕು. ಡಾಕ್ಸೊರೂಬಿಸಿನ್ ಸೇರಿಸಿದ ಮೇಲೆ ಇದರಲ್ಲಿ ಉಳಿಯುವ ಮಕ್ಕಳ ಸಂಖ್ಯೆ ಬಹಳ ಏರಿದೆ. ಎಳೆಗೂಸುಗಳಲ್ಲಿ ಹೆಚ್ಚು ಕಾಣುವ ರಾಬ್ಡಾಯ್ಡ್ ಗಡ್ಡೆ ಮಾತ್ರ ಇಂದಿಗೂ ಕ್ರೂರವೇ. ಅಲ್ಲಿ ಉಳಿಯುವವರು ಕಡಿಮೆ.

ಈಗ ಗೆದ್ದ ಮಕ್ಕಳ ಮಾತು. ಐದು ವರ್ಷ ಕಳೆಯಿತು, ಮಗು ಶಾಲೆಗೆ ಹೋಗುತ್ತಿದೆ. ಮುಂದಿನ ಐವತ್ತು ಅರವತ್ತು ವರ್ಷ ಅದು ಒಂದೇ ಮೂತ್ರಪಿಂಡದಲ್ಲಿ ಬಾಳಬೇಕು. ಉಳಿದ ಮೂತ್ರಪಿಂಡ ತಾನೇ ದೊಡ್ಡದಾಗಿ ಎರಡರ ಕೆಲಸ ಮಾಡುತ್ತದೆ. ಒಂದೇ ಬದಿಗೆ ಕಾಯಿಲೆ ಬಂದ, ಬೇರೆ ಜನ್ಮಜಾತ ತೊಂದರೆ ಇಲ್ಲದ ಮಕ್ಕಳಲ್ಲಿ 20 ವರ್ಷದ ನಂತರ ಮೂತ್ರಪಿಂಡ ಪೂರ್ತಿ ಕೈಕೊಟ್ಟಿರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಎರಡೂ ಬದಿಗೆ ಗಡ್ಡೆ ಬಂದಿದ್ದವರಲ್ಲಿ ಈ ಪ್ರಮಾಣ ಸುಮಾರು 12. ವರ್ಷಕ್ಕೊಮ್ಮೆ ಬಿಪಿ ನೋಡಿಸುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸುವುದು, ಕ್ರಿಯಾಟಿನಿನ್ ನೋಡುವುದು, ಇಷ್ಟನ್ನು ತಾಲ್ಲೂಕು ಮಟ್ಟದಲ್ಲೇ ಮಾಡಿಸಬಹುದು. ನಮ್ಮ ಕಡೆ ಮೈಕೈ ನೋವೆಂದರೆ ಸಾಕು, ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚಿಬಿಡುತ್ತಾರೆ. ಒಂದೇ ಮೂತ್ರಪಿಂಡವಿರುವವರು ಆ ಜಾತಿಯ ನೋವಿನ ಔಷಧಗಳಿಂದ ದೂರವಿರಬೇಕು. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಭಸ್ಮ, ಚೂರ್ಣಗಳೂ ಬೇಡ. ಆಟಕ್ಕೆ ತಡೆಯಿಲ್ಲ. ಕಬಡ್ಡಿಯಂಥ ಮೈ ಮೇಲೆ ಬೀಳುವ ಆಟಕ್ಕೆ ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.

ಹೃದಯದ ವಿಷಯ ಹೆಚ್ಚು ಗಂಭೀರ. ಮರುಕಳಿಸಿದ ಗಡ್ಡೆಯಿಂದ ಉಳಿಸುವ ಡಾಕ್ಸೊರೂಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು, ಅದೂ ವರ್ಷಗಳ ನಂತರ. ಅಮೆರಿಕದ ಹಳೆಯ ಅಧ್ಯಯನಗಳ ಮಕ್ಕಳಲ್ಲಿ, ಮೊದಲ ಚಿಕಿತ್ಸೆಯಲ್ಲೇ ಈ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ, ಮರುಕಳಿಸಿದಾಗ ಪಡೆದವರಲ್ಲಿ ಸುಮಾರು 17 ಮಂದಿಗೆ 20 ವರ್ಷದೊಳಗೆ ಹೃದಯ ವೈಫಲ್ಯ ಕಾಣಿಸಿತ್ತು. ಈಗ ಪ್ರಮಾಣವನ್ನು ಆದಷ್ಟು ಕಡಿಮೆ ಮಾಡಿದ್ದಾರೆ, ಬೇಡದವರಿಗೆ ಕೊಡುವುದೇ ಇಲ್ಲ. ಆದರೂ ಈ ಔಷಧ ಪಡೆದ ಪ್ರತಿಯೊಬ್ಬರಿಗೂ ಕೆಲವು ವರ್ಷಕ್ಕೊಮ್ಮೆ ಎಕೋ ಪರೀಕ್ಷೆ ಬೇಕು. ಹೊಟ್ಟೆಯ ಒಂದು ಬದಿಗೆ ರೇಡಿಯೇಷನ್ ಆಗಿದ್ದರೆ ಬೆಳೆಯುವಾಗ ಬೆನ್ನು ಒಂದು ಕಡೆ ವಾಲಬಹುದು. ಎದೆಗೆ ರೇಡಿಯೇಷನ್ ಆದ ಹುಡುಗಿಯರಲ್ಲಿ 40ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 15 ಎಂದು ಅದೇ ಅಧ್ಯಯನಗಳಿಂದ ಗೊತ್ತಾಗಿದೆ. ಅವರಿಗೆ ಸ್ತನ ತಪಾಸಣೆ ಉಳಿದವರಿಗಿಂತ ಬಹಳ ಬೇಗ ಶುರುವಾಗಬೇಕು.

ಹೆಣ್ಣುಮಕ್ಕಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮದುವೆ ಮಾತುಕತೆಯ ಹೊತ್ತಿಗೆ ಆ ಹಳೆಯ ಫೈಲ್ ಬೀರುವಿನ ತಳ ಸೇರುತ್ತದೆ. ಗಂಡನ ಮನೆಯವರಿಗೆ ಗೊತ್ತಾಗಬಾರದು ಎಂದು ಹೊಟ್ಟೆಯ ಮೇಲಿನ ಗಾಯದ ಗುರುತಿಗೆ ಬೇರೇನೋ ಕಾರಣ ಹೇಳುತ್ತಾರೆ. ಆ ಹುಡುಗಿ ಗರ್ಭಿಣಿಯಾದಾಗ ತಾಯಿ ಕಾರ್ಡ್‌ನಲ್ಲಿ ಈ ವಿಷಯ ಇರುವುದಿಲ್ಲ. ಹೊಟ್ಟೆಗೆ ರೇಡಿಯೇಷನ್ ಆಗಿದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ಗರ್ಭಾವಸ್ಥೆಯ ಬಿಪಿ ಹೆಚ್ಚು. ಒಂದೇ ಮೂತ್ರಪಿಂಡ, ಹೃದಯಕ್ಕೆ ತಾಗುವ ಔಷಧ ಎರಡೂ ಸೇರಿದರೆ ಹೆರಿಗೆಯ ಯೋಜನೆಯೇ ಬೇರೆಯಾಗಬೇಕು. ಬಾಲ್ಯದಲ್ಲಿ ಕಾಯಿಲೆ ಗೆದ್ದದ್ದು ನಾಚಿಕೆಯ ವಿಷಯವಲ್ಲ. ಆಶಾ ಕಾರ್ಯಕರ್ತೆಗೆ, ಹೆರಿಗೆ ವೈದ್ಯರಿಗೆ ಅದು ಗೊತ್ತಿರಲೇಬೇಕು. ‘ಸೋದರಿಕೆಯ ಮದುವೆಯಿಂದ ಬಂತು’, ‘ತಾಯಿಯ ಗರ್ಭದ ದೋಷ’ ಎಂದು ಬೆರಳು ತೋರಿಸುವವರಿಗೂ ಹೇಳಬೇಕಾದ್ದಿದೆ: ಈ ಗಡ್ಡೆ ಬಂದ ನೂರು ಮಕ್ಕಳಲ್ಲಿ ಒಂದೆರಡು ಕಡೆ ಮಾತ್ರ ಕುಟುಂಬದಲ್ಲಿ ಇನ್ನೊಬ್ಬರಿಗೆ ಬಂದಿರುತ್ತದೆ. ಬಹುಪಾಲು ಮಕ್ಕಳ ವಿಷಯದಲ್ಲಿ ತಂದೆತಾಯಿ ಮಾಡಿದ್ದು, ಮಾಡದೆ ಬಿಟ್ಟದ್ದು ಯಾವುದೂ ಇದಕ್ಕೆ ಕಾರಣವಲ್ಲ. ಕಣ್ಣಿನ ಬಣ್ಣದ ಪೊರೆ ಇಲ್ಲದೆ ಹುಟ್ಟಿದ, ಮೈಯ ಒಂದು ಪಾರ್ಶ್ವ ಇನ್ನೊಂದಕ್ಕಿಂತ ದಪ್ಪಗಿರುವ ಮಕ್ಕಳಲ್ಲಿ ಸಾಧ್ಯತೆ ಹೆಚ್ಚು. ಅಂಥವರಿಗೆ ಏಳು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ವಾಡಿಕೆ.

ಖರ್ಚಿನ ಮಟ್ಟಿಗೆ ಹಿಂದಿಗಿಂತ ಇಂದು ಹೆಚ್ಚು ದಾರಿಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ತಾಯಂದಿರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡು ಕೊಡದೆ ಹೋಗಿಬರಬಹುದು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ತೂಕ, ಹಲ್ಲು, ಕಣ್ಣು ನೋಡುವಾಗ ಮಗುವನ್ನು ಮಲಗಿಸಿ ಹೊಟ್ಟೆಯ ಮೇಲೂ ಒಮ್ಮೆ ಹಗುರವಾಗಿ ಕೈಯಾಡಿಸಿದರೆ ಗಡ್ಡೆ ಇನ್ನೂ ಬೇಗ ಸಿಕ್ಕೀತು. ಗಡ್ಡೆ ಇದೆಯೆಂದು ಗೊತ್ತಾದ ಮೇಲೆ ಮಾತ್ರ ಮನೆಗೆ ಬಂದವರೆಲ್ಲ ಒತ್ತಿ ನೋಡುವುದು ಬೇಡ. ಅದು ಒಳಗೇ ಒಡೆದರೆ ಸ್ಟೇಜ್ ಏರುತ್ತದೆ.

ಮನೆಯಲ್ಲಿ, ನೆಂಟರಲ್ಲಿ, ಓಣಿಯಲ್ಲಿ ಈ ಚಿಕಿತ್ಸೆ ಮುಗಿಸಿದ ಮಗು ಇದ್ದರೆ ಅವರಿಗೆ ಇಷ್ಟು ಹೇಳಿ. ಡಿಸ್ಚಾರ್ಜ್ ಸಮ್ಮರಿ, ಗಡ್ಡೆಯ ರಿಪೋರ್ಟ್, ಯಾವ ಔಷಧ ಒಟ್ಟು ಎಷ್ಟು ಕೊಟ್ಟರು, ರೇಡಿಯೇಷನ್ ಎಲ್ಲಿಗೆ ಎಷ್ಟು ಎಂಬ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಎರಡು ಕಡೆ ಇಡಿ, ಮೊಬೈಲ್‌ನಲ್ಲೂ ಫೋಟೊ ತೆಗೆದಿಡಿ. ಮುಂದಿನ ತಪಾಸಣೆಯ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಒಂದು ಸಲ ತಪ್ಪಿದ್ದರೆ ನಾಚಿಕೊಳ್ಳದೆ ಈ ವಾರವೇ ಹೋಗಿ. ಮಗು ದೊಡ್ಡವನಾದ ಮೇಲೆ, ದೊಡ್ಡವಳಾದ ಮೇಲೆ, ಆ ಫೈಲನ್ನು ಅವರ ಕೈಗೇ ಕೊಟ್ಟು ಏನಾಗಿತ್ತೆಂದು ಬಿಡಿಸಿ ಹೇಳಿ.